ಕ್ಯಾಮರನ್‌ಗೆ ಹೋಗುವ ವಾರ: ಚಾಪೆಲ್ ಹಿಲ್ ಅಭಿಮಾನಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಉತ್ತರ ಕ್ಯಾರೊಲೈನಾದ ಕ್ಯಾರಿ, ಮಾರಿಸ್‌ವಿಲ್, ಡರ್ಹಮ್ ಕಡೆ ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಕೆಲಸಕ್ಕೆಂದು ಬಂದು ನೆಲೆ ನಿಂತ ಕನ್ನಡ ಮನೆಗಳಿವೆ. ಅವರ ಮಕ್ಕಳು ಕಾಲೇಜಿಗೆ ಕಾಲಿಟ್ಟ ಮೇಲೆ ಮನೆಮಂದಿಗೆಲ್ಲ ಬಾಸ್ಕೆಟ್‌ಬಾಲ್ ಅಂಟಿಕೊಳ್ಳುತ್ತದೆ. ಚಾಪೆಲ್ ಹಿಲ್‌ನ ಯುಎನ್‌ಸಿ (ಉತ್ತರ ಕ್ಯಾರೊಲೈನಾ ವಿಶ್ವವಿದ್ಯಾಲಯ) ತಂಡ ಡರ್ಹಮ್‌ನ ಡ್ಯೂಕ್ ವಿಶ್ವವಿದ್ಯಾಲಯದ ಅಂಗಳ ಕ್ಯಾಮರನ್‌ಗೆ ಹೋಗಿ ಆಡುವ ವಾರ ಬಂತೆಂದರೆ ಅದೇ ಪ್ರಶ್ನೆಗಳು ಫೋನಿನಲ್ಲಿ, ಪಾಟ್‌ಲಕ್ ಊಟದಲ್ಲಿ, ವಾಟ್ಸಾಪ್ ಗುಂಪಿನಲ್ಲಿ ಮತ್ತೆ ಮತ್ತೆ ಬರುತ್ತವೆ. ಕೇಳಿದವರ ಮಾತಿನಲ್ಲೇ ಅವನ್ನು ಇಲ್ಲಿ ಸೇರಿಸಿದೆ. ಹೇಳುವುದೆಲ್ಲ ಪುರುಷರ ತಂಡಗಳ ಆಟದ ಬಗ್ಗೆ.

## ಹೊಸಬರು ಕೇಳುವವು

ಒಂದು ಕಾಲೇಜು ಮ್ಯಾಚಿಗೆ ಇಷ್ಟೊಂದು ಯಾಕೆ ತಲೆ ಕೆಡಿಸ್ಕೊಳ್ತಾರೆ?

ಎರಡು ಕ್ಯಾಂಪಸ್‌ಗಳ ನಡುವೆ ರಸ್ತೆಯಲ್ಲಿ ಸುಮಾರು 10 ಮೈಲಿ, ಅಷ್ಟೇ. ಚಾಪೆಲ್ ಹಿಲ್‌ನದು ಸರ್ಕಾರಿ ವಿಶ್ವವಿದ್ಯಾಲಯ, ತಿಳಿನೀಲಿ ಬಣ್ಣ. ಡ್ಯೂಕ್ ಖಾಸಗಿ, ಕಡುನೀಲಿ. ಒಂದೇ ಆಫೀಸಿನಲ್ಲಿ ಅಕ್ಕಪಕ್ಕ ಕೂರುವವರು ಎರಡು ಪಕ್ಷ. ಮೊದಲ ಪಂದ್ಯ ನಡೆದದ್ದು 1920ರ ಜನವರಿ 24ರಂದು, ಡ್ಯೂಕ್‌ಗೆ ಇನ್ನೂ ಟ್ರಿನಿಟಿ ಕಾಲೇಜ್ ಎಂಬ ಹೆಸರಿದ್ದಾಗ. 2025ರವರೆಗಿನ ಲೆಕ್ಕದಲ್ಲಿ ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡೆ ನಡೆಸುವ ಸಂಸ್ಥೆ) ರಾಷ್ಟ್ರೀಯ ಪ್ರಶಸ್ತಿ ಚಾಪೆಲ್ ಹಿಲ್‌ಗೆ 6, ಡ್ಯೂಕ್‌ಗೆ 5. ಮೈಕೆಲ್ ಜೋರ್ಡನ್ ಆಡಿದ 1982ರ ತಂಡ ಆ ಆರರಲ್ಲಿ ಒಂದು.

ಇಬ್ಬರೂ ಎಸಿಸಿ (ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್) ಎಂಬ ಕಾಲೇಜು ಕೂಟದವರು. ಲೀಗಿನಲ್ಲಿ ವರ್ಷಕ್ಕೆ ಎರಡು ಸಲ ಎದುರಾಗುತ್ತಾರೆ, ಅವರ ಮನೆಯಲ್ಲೊಮ್ಮೆ, ಇವರ ಮನೆಯಲ್ಲೊಮ್ಮೆ. ಎಸಿಸಿ ಟೂರ್ನಿಯಲ್ಲಿ ಮೂರನೇ ಸಲ ಎದುರಾದರೆ ಅದು ಹೆಚ್ಚುವರಿ. ರಾಷ್ಟ್ರೀಯ ಟೂರ್ನಿಯಲ್ಲಿ ಇಬ್ಬರೂ ಮೊದಲ ಬಾರಿ ಮುಖಾಮುಖಿಯಾದದ್ದು 2022ರಲ್ಲಿ, ನ್ಯೂ ಆರ್ಲಿಯನ್ಸ್‌ನ ಸೆಮಿಫೈನಲ್‌ನಲ್ಲಿ. ಅದರಲ್ಲಿ ಚಾಪೆಲ್ ಹಿಲ್ 81-77ರಿಂದ ಗೆದ್ದಿತು. ಆ ಒಂದು ವಾಕ್ಯವನ್ನು ಇಲ್ಲಿನವರು ಎಷ್ಟು ಸಲ ಹೇಳಿದರೂ ದಣಿಯುವುದಿಲ್ಲ.

ನಾನು ಕಾಲೇಜಲ್ಲಿ ಬಾಸ್ಕೆಟ್‌ಬಾಲ್ ಆಡಿದೋನು, ಬೆಂಗಳೂರಲ್ಲಿ. ಈ ಆಟದ ನಿಯಮ ಬೇರೇನಾ?

ಮುಕ್ಕಾಲು ಪಾಲು ಅದೇ. ಭಾರತದಲ್ಲಿ ಆಡುವುದು ಅಂತರರಾಷ್ಟ್ರೀಯ ಸಂಸ್ಥೆ ಫಿಬಾದ ನಿಯಮ: 10 ನಿಮಿಷದ ನಾಲ್ಕು ಭಾಗ, 24 ಸೆಕೆಂಡಿನ ಶಾಟ್ ಕ್ಲಾಕ್ (ಅಷ್ಟರೊಳಗೆ ಬುಟ್ಟಿಗೆ ಎಸೆಯಬೇಕು). ಅಮೆರಿಕದ ಪುರುಷರ ಕಾಲೇಜು ಆಟದಲ್ಲಿ 20 ನಿಮಿಷದ ಎರಡು ಅರ್ಧ, ಶಾಟ್ ಕ್ಲಾಕ್ 30 ಸೆಕೆಂಡು. ಮೂರಂಕದ ಗೆರೆ ಎರಡರಲ್ಲೂ 6.75 ಮೀಟರ್, 2019-20ರಿಂದ ಕಾಲೇಜಿನವರೂ ಅಲ್ಲಿಗೆ ಬಂದರು. ಐದು ಫೌಲಿಗೆ ಹೊರಗೆ ಎಂಬುದೂ ಅದೇ.

ಎಡವುವುದು ಎರಡು ಕಡೆ. ಮೊದಲನೆಯದು ರಿಮ್, ಅಂದರೆ ಬುಟ್ಟಿಯ ಬಳೆಯ ಮೇಲಿನ ಚೆಂಡು. ಫಿಬಾದಲ್ಲಿ ಚೆಂಡು ರಿಮ್ಮಿಗೆ ತಾಗಿದ ಮೇಲೆ ತಟ್ಟಿ ಹಾಕಬಹುದು. ಇಲ್ಲಿ ಅದು ಬಳೆಯ ನೇರಕ್ಕೆ ಮೇಲಿರುವ ತನಕ ಮುಟ್ಟುವ ಹಾಗಿಲ್ಲ. "ಸರಿಯಾಗೇ ಹೊಡೆದನಲ್ಲ" ಎಂದು ನೀವು ಕೂಗುವಷ್ಟರಲ್ಲಿ ರೆಫರಿ ಎರಡಂಕ ಕೊಟ್ಟಿರುತ್ತಾನೆ. ಎರಡನೆಯದು ಬೋನಸ್: ತಂಡದ ಫೌಲುಗಳು ಒಂದು ಎಣಿಕೆ ದಾಟಿದ ಮೇಲೆ ಎದುರಾಳಿಗೆ ಸಿಗುವ ಫ್ರೀ ಥ್ರೋ, ಅಂದರೆ ಯಾರೂ ಅಡ್ಡ ಬರದ ಎಸೆತ. ಫಿಬಾದಲ್ಲಿ ಪ್ರತಿ ಭಾಗದ ಐದನೇ ತಂಡ ಫೌಲಿನಿಂದ ಎರಡು ಫ್ರೀ ಥ್ರೋ. ಇಲ್ಲಿ ಒಂದು ಅರ್ಧದ 7ನೇ, 8ನೇ, 9ನೇ ಫೌಲಿಗೆ "ಒನ್ ಅಂಡ್ ಒನ್": ಮೊದಲನೆಯದು ಬಿದ್ದರೆ ಮಾತ್ರ ಎರಡನೆಯದು. 10ನೇ ಫೌಲಿನಿಂದ ನೇರ ಎರಡು. ಕೊನೆಯ ನಿಮಿಷಗಳ ಸಂಕಟವೆಲ್ಲ ಹುಟ್ಟುವುದು ಇಲ್ಲಿಂದಲೇ. ಲೆಕ್ಕ ಮುಂದೆ ಇದೆ.

2025-26ರಿಂದ ಕೋಚ್‌ಗೆ ಮರುಪರಿಶೀಲನೆ ಕೇಳುವ ಹಕ್ಕೂ ಬಂದಿದೆ. ಚೆಂಡು ಯಾರ ಕೈ ತಾಗಿ ಹೊರಹೋಯಿತು ಎಂಬಂಥ ಕೆಲವೇ ವಿಷಯಗಳಿಗೆ, ಅದೂ ಟೈಮ್‌ಔಟ್ ಉಳಿದಿದ್ದರೆ.

ನಾವು ಮೈಸೂರಲ್ಲಿದ್ದೀವಿ. ಮಗಳ ಜೊತೆ ನೋಡ್ಬೇಕು. ಅಲಾರಂ ಎಷ್ಟಕ್ಕೆ ಇಡೋದು?

ಚಳಿಗಾಲದಲ್ಲಿ ಅಮೆರಿಕದ ಪೂರ್ವ ಕರಾವಳಿಗಿಂತ ಭಾರತ ಹತ್ತೂವರೆ ಗಂಟೆ ಮುಂದೆ. ಈ ಪಂದ್ಯ ಹೆಚ್ಚಾಗಿ ಶನಿವಾರ ಸಂಜೆಗೆ ಬೀಳುತ್ತದೆ. ಅಲ್ಲಿ 6:30 ಎಂದರೆ ನಿಮಗೆ ಭಾನುವಾರ ಬೆಳಗಿನ ಜಾವ 5:00.

ಲೀಗಿನ ಕೊನೆಯ ಪಂದ್ಯ ಮಾರ್ಚ್ ಮೊದಲ ವಾರದ ಸುತ್ತಮುತ್ತ ಬರುವುದರಿಂದ ಗಡಿಯಾರ ಬದಲಾಗುವ ಗೊಂದಲ ಏಳುತ್ತದೆ. ಅಮೆರಿಕದಲ್ಲಿ ಗಡಿಯಾರ ಮುಂದೆ ಹಾಕುವುದು ಮಾರ್ಚಿನ ಎರಡನೇ ಭಾನುವಾರ ನಸುಕಿನಲ್ಲಿ. ಅದರ ಹಿಂದಿನ ದಿನ ಶನಿವಾರದ ಪಂದ್ಯಕ್ಕೆ ಹಳೆಯ ಲೆಕ್ಕವೇ, ಹತ್ತೂವರೆ ಗಂಟೆ. 2024ರ ಮಾರ್ಚ್ 9ರ ಪಂದ್ಯ ಹಾಗೇ ಇತ್ತು: ಆಟ ಮುಗಿದ ರಾತ್ರಿಯೇ ಅಲ್ಲಿ ಗಡಿಯಾರ ಬದಲಾಯಿತು. ಆಮೇಲಿನ ಪಂದ್ಯಗಳಿಗೆ ಒಂಬತ್ತೂವರೆ ಗಂಟೆ.

ಆಟದ ಗಡಿಯಾರ 40 ನಿಮಿಷ ಎಂದು ನಂಬಿ ಇಡ್ಲಿ ಹಿಟ್ಟು ಹೊರಗಿಡಬೇಡಿ. ಜಾಹೀರಾತು, ಫೌಲು, ಮರುಪರಿಶೀಲನೆ ಎಲ್ಲ ಸೇರಿ ಎರಡು ಗಂಟೆ ದಾಟುತ್ತದೆ. ಓವರ್‌ಟೈಮ್ ಬಂದರೆ ಪ್ರತಿಯೊಂದಕ್ಕೂ ಆಟದ ಗಡಿಯಾರದಲ್ಲಿ ಇನ್ನೂ 5 ನಿಮಿಷ.

ನಾನು ಟೀವಿ ಹಾಕಿದ್ರೆ ಸೋಲ್ತಾರೆ. ನೋಡ್ಲಾ ಬೇಡ್ವಾ?

ನೋಡಿ. ನಿಮ್ಮ ಕಾಲ್ಗುಣ ಡರ್ಹಮ್‌ವರೆಗೆ ಹೋಗುವುದಿಲ್ಲ.

## ಆ ಅಂಗಳದ ಬಗ್ಗೆ

ಕ್ಯಾಮರನ್ ಅಂದ್ರೆ ಒಂಬತ್ತು ಸಾವಿರ ಸೀಟಿನ ಹಳೇ ಕಟ್ಟಡ. ನಮ್ಮದು ಇಪ್ಪತ್ತೊಂದು ಸಾವಿರ. ಅದಕ್ಯಾಕೆ ಅಷ್ಟು ಹೆದರೋದು?

ಚಿಕ್ಕದಾಗಿರುವುದೇ ಅದರ ಬಲ. ಕ್ಯಾಮರನ್ ಇಂಡೋರ್ ಸ್ಟೇಡಿಯಂ ತೆರೆದದ್ದು 1940ರ ಜನವರಿಯಲ್ಲಿ. ಕೂರುವ ಜಾಗ 9,314. ಚಾಪೆಲ್ ಹಿಲ್‌ನ ಡೀನ್ ಸ್ಮಿತ್ ಸೆಂಟರ್ 1986ರದ್ದು, 21,750. ಆದರೆ ಸ್ಮಿತ್ ಸೆಂಟರ್‌ನಲ್ಲಿ ಸದ್ದು ಎತ್ತರದ ಸೂರಿಗೆ ಹೋಗಿ ಕರಗುತ್ತದೆ. ಕ್ಯಾಮರನ್‌ನಲ್ಲಿ ಸೂರು ತಗ್ಗು, ಗೋಡೆ ಹತ್ತಿರ, ವಿದ್ಯಾರ್ಥಿಗಳು ಅಂಗಳದ ಗೆರೆಗೆ ಅಂಟಿಕೊಂಡೇ ನಿಂತಿರುತ್ತಾರೆ. ಇಡೀ ಪಂದ್ಯ ಯಾರೂ ಕೂರುವುದಿಲ್ಲ. ಪಕ್ಕದ ಗೆರೆಯಿಂದ ಚೆಂಡು ಒಳಗೆ ಹಾಕುವ ಹುಡುಗನ ಬೆನ್ನ ಹಿಂದೆ ಕೈಚಾಚುವಷ್ಟು ದೂರದಲ್ಲಿ ನೂರಾರು ಬೆರಳು ಆಡುತ್ತಿರುತ್ತವೆ. ಎದುರಾಳಿ ಆಟಗಾರರ ಬಗ್ಗೆ ಏನು ಕೂಗಬೇಕು ಎಂದು ಅಚ್ಚು ಹಾಕಿದ ಹಾಳೆಯನ್ನೂ ಮೊದಲೇ ಹಂಚಿರುತ್ತಾರೆ.

ಗದ್ದಲ ಆಟ ಕೆಡಿಸುವ ಬಗೆಯನ್ನು ಮಾತ್ರ ಹೆಚ್ಚಿನವರು ತಪ್ಪು ತಿಳಿದಿದ್ದಾರೆ. ಫ್ರೀ ಥ್ರೋ ಹೊತ್ತಿನಲ್ಲಿ ಕೈ ಬೀಸಿ ಕುಣಿಯುವುದು ಟೀವಿಗೆ ಚಂದ. 2003ರಲ್ಲಿ ಈಜುಚಡ್ಡಿಯಲ್ಲಿ ಕುಣಿದ ಡ್ಯೂಕ್ ವಿದ್ಯಾರ್ಥಿಯೊಬ್ಬನ ಎದುರು ನಮ್ಮವನು ಎರಡೂ ಫ್ರೀ ಥ್ರೋ ತಪ್ಪಿಸಿದ್ದು ಇವತ್ತಿಗೂ ಕಥೆ. ಆದರೆ ಸಾವಿರಾರು ಸಲ ಒಂದೇ ಚಲನೆ ಮಾಡಿದವನಿಗೆ ಅದು ಅಷ್ಟೇನೂ ತಾಗುವುದಿಲ್ಲ. ನಿಜವಾದ ಏಟು ಬೀಳುವುದು ಮಾತಿನ ಮೇಲೆ. ರಕ್ಷಣೆಯಲ್ಲಿ ಹಿಂದೆ ನಿಂತವನು "ಎಡಕ್ಕೆ ಸ್ಕ್ರೀನ್" (ದಾರಿಗೆ ಅಡ್ಡ ನಿಂತ ಎದುರಾಳಿ) ಎಂದು ಕೂಗಬೇಕು. ಅದು ಮುಂದಿನವನಿಗೆ ಕೇಳದಿದ್ದರೆ ಅವನು ನೇರ ಹೋಗಿ ಎದುರಾಳಿಯ ಎದೆಗೆ ಬಡಿಯುತ್ತಾನೆ. ಮೂರಂಕದ ಗೆರೆಯಲ್ಲಿ ಒಬ್ಬ ಪೂರ್ತಿ ಖಾಲಿ ಸಿಗುತ್ತಾನೆ. ದಾಳಿಯಲ್ಲಿ ಕೋಚ್ ಕೂಗಿದ ಆಟದ ಹೆಸರು ತಲುಪಲು ಆರೇಳು ಸೆಕೆಂಡು ಹೋದರೆ ಶಾಟ್ ಕ್ಲಾಕ್‌ನ ಕಾಲು ಭಾಗವೇ ಹೋಯಿತು. ಅದಕ್ಕೇ ಇಂಥ ಪಂದ್ಯಕ್ಕೆ ಮುಂಚೆ ತಂಡಗಳು ಅಭ್ಯಾಸದಲ್ಲಿ ಸ್ಪೀಕರ್ ಹಾಕಿ ಗದ್ದಲದ ನಡುವೆ ಆಡಿಸುತ್ತವೆ, ಕೈಸನ್ನೆ ಕಲಿಸುತ್ತವೆ. ನೀವು ನೋಡುವಾಗ ನಮ್ಮ ಐವರು ಎಷ್ಟು ಸಲ ಕೈಯಲ್ಲಿ ತೋರಿಸಿ ಮಾತಾಡುತ್ತಿದ್ದಾರೆ ಗಮನಿಸಿ. ಎಲ್ಲರೂ ಸುಮ್ಮನೆ ಬೆಂಚಿನ ಕಡೆ ನೋಡುತ್ತಿದ್ದರೆ ಎದೆ ಗಟ್ಟಿ ಮಾಡಿಕೊಳ್ಳಿ.

ಒಂದು ಸಮಾಧಾನವೂ ಇದೆ. ದೂರದಿಂದ ಗುರಿಯಿಡುವವರಿಗೆ ಬಳೆಯ ಹಿಂದೆ ಗೋಡೆ ಹತ್ತಿರವಿದ್ದರೆ ಅಂದಾಜು ಸುಲಭ. ದೊಡ್ಡ ಫುಟ್‌ಬಾಲ್ ಗುಮ್ಮಟಗಳಲ್ಲಿ ಬರುವ ತೊಂದರೆ ಇಲ್ಲಿಲ್ಲ.

ಆ ಟೆಂಟ್ ಹಾಕ್ಕೊಂಡು ಮಲಗೋ ಹುಡುಗರ ಕಥೆ ನಿಜವಾ?

ನಿಜ. 1986ರಲ್ಲಿ ಶುರುವಾದ ಪದ್ಧತಿ. ಕ್ಯಾಮರನ್ ಹೊರಗಿನ ಹುಲ್ಲುಹಾಸಿಗೆ ಡ್ಯೂಕ್‌ನ ಹಿಂದಿನ ಕೋಚ್ ಮೈಕ್ ಶಿಶೆವ್‌ಸ್ಕಿ ಹೆಸರಿನಲ್ಲಿ ಶಿಶೆವ್‌ಸ್ಕಿವಿಲ್ ಎನ್ನುತ್ತಾರೆ. ಒಂದು ಟೆಂಟಿಗೆ ಹನ್ನೆರಡು ಜನರ ಗುಂಪು. ಜನವರಿಯಿಂದ ಪಂದ್ಯದ ತನಕ ಸರದಿಯಲ್ಲಿ ಕಾವಲು. ಹೊತ್ತಲ್ಲದ ಹೊತ್ತಿನಲ್ಲಿ ಹಾಜರಿ ಕರೆಯುತ್ತಾರೆ, ತಪ್ಪಿಸಿಕೊಂಡರೆ ಸಾಲಿನ ಕೊನೆಗೆ. ಕಪ್ಪು, ನೀಲಿ, ಬಿಳಿ ಎಂದು ಮೂರು ಬಗೆ. ಕಪ್ಪು ಟೆಂಟ್ ಎಲ್ಲಕ್ಕಿಂತ ಕಠಿಣ, ರಾತ್ರಿ ಗುಂಪಿನ ಹೆಚ್ಚಿನವರೆಲ್ಲ ಅಲ್ಲೇ ಮಲಗಬೇಕು. ಮೈ ಕೊರೆಯುವ ಚಳಿಯಲ್ಲಿ ವಾರಗಟ್ಟಲೆ ಕಾದವರು ಒಳಗೆ ಬಂದು ಮೆಲ್ಲಗೆ ಚಪ್ಪಾಳೆ ತಟ್ಟುತ್ತಾರೆಯೇ?

ಟಿಕೆಟ್ ಸಿಗುತ್ತಾ? ತಿಳಿನೀಲಿ ಜರ್ಸಿ ಹಾಕ್ಕೊಂಡು ಹೋದ್ರೆ ಏನಾದ್ರೂ ಅಂತಾರಾ?

ಟಿಕೆಟ್ ಕೌಂಟರಿನಲ್ಲಿ ಸಿಗುವ ಆಸೆ ಬಿಡಿ. ಕೆಳಗಿನ ಸಾಲು ಡ್ಯೂಕ್ ವಿದ್ಯಾರ್ಥಿಗಳದ್ದು, ಮೇಲಿನ ಸೀಟು ದೇಣಿಗೆದಾರರದ್ದು, ಹೊರ ತಂಡಕ್ಕೆ ಸಿಗುವುದು ಆಟಗಾರರ ಮನೆಯವರಿಗೆ ಸಾಲುವಷ್ಟು. ಉಳಿದ ದಾರಿ ಮರುಮಾರಾಟ, ಅದೂ ಕಣ್ಣು ಬಿಡುವ ಬೆಲೆಗೆ. ಕೊಳ್ಳುವುದಾದರೆ ಟಿಕೆಟನ್ನು ನಿಮ್ಮ ಫೋನಿನ ಖಾತೆಗೆ ವರ್ಗಾಯಿಸುವ ಜಾಲತಾಣದಿಂದಲೇ ಕೊಳ್ಳಿ. ಸ್ಕ್ರೀನ್‌ಶಾಟ್ ಕಳಿಸಿ ಹಣ ಹಾಕಿಸಿಕೊಳ್ಳುವವರಿಂದ ಬೇಡವೇ ಬೇಡ.

ಮೇಲಿನ ಸೀಟಿನಲ್ಲಿ ತಿಳಿನೀಲಿ ಹಾಕಿದರೆ ಕೀಟಲೆ ಮಾಡುತ್ತಾರೆ, ಅದಕ್ಕಿಂತ ಹೆಚ್ಚಿಲ್ಲ. ದಪ್ಪ ಜಾಕೆಟ್ ತೆಗೆಯುವಂತಿರಲಿ: ಹೊರಗೆ ಎಷ್ಟೇ ಚಳಿಯಿದ್ದರೂ ಜನ ತುಂಬಿದ ಮೇಲೆ ಒಳಗೆ ಸೆಕೆ.

ಕ್ಯಾಮರನ್‌ನಲ್ಲಿ ನಾವು ಗೆಲ್ಲೋದೇ ಇಲ್ವಂತೆ, ಹೌದಾ?

ಈ ಮಾತನ್ನು ಹೇಳುವವರು ಎಣಿಸಿ ನೋಡಿಲ್ಲ. 2016ರಿಂದ 2025ರವರೆಗೆ ಅಲ್ಲಿ ಆಡಿದ ಹತ್ತು ಪಂದ್ಯಗಳಲ್ಲಿ ಐದು ನಮ್ಮವು, ಐದು ಅವರವು.

ಗೆದ್ದದ್ದು 2016ರಲ್ಲಿ 76-72, 2019ರಲ್ಲಿ 88-72, 2021ರಲ್ಲಿ 91-87, 2022ರಲ್ಲಿ 94-81, 2024ರಲ್ಲಿ 84-79. ಸೋತದ್ದು 2017ರಲ್ಲಿ 86-78, 2018ರಲ್ಲಿ 74-64, 2020ರಲ್ಲಿ 89-76, 2023ರಲ್ಲಿ 63-57, 2025ರಲ್ಲಿ 87-70.

ಅಂಕಿಗಳ ಜೊತೆ ಕಾರಣಗಳನ್ನೂ ಇಟ್ಟು ನೋಡಬೇಕು. 2016ರಲ್ಲಿ ರೀಬೌಂಡ್ (ತಪ್ಪಿದ ಶಾಟಿನ ಚೆಂಡು ಹಿಡಿಯುವುದು) ನಮಗೆ 64, ಅವರಿಗೆ 29. ಬ್ರೈಸ್ ಜಾನ್ಸನ್ ಒಬ್ಬನೇ 21 ಹಿಡಿದ. 2019ರಲ್ಲಿ ಮೊದಲ ನಿಮಿಷವೇ ಡ್ಯೂಕ್‌ನ ಜಿಯಾನ್ ವಿಲಿಯಮ್ಸನ್ ಶೂ ಹರಿದು, ಮಂಡಿ ಉಳುಕಿ ಹೊರಹೋದ. 2021ರಲ್ಲಿ ಕೋವಿಡ್, ವಿದ್ಯಾರ್ಥಿಗಳೇ ಇರಲಿಲ್ಲ, ಕ್ಯಾಮರನ್ ಮೌನವಾಗಿತ್ತು. ಆ ಎರಡನ್ನು ತೆಗೆದಿಟ್ಟರೂ ಉಳಿದ ಎಂಟರಲ್ಲಿ ಮೂರು ನಮ್ಮವು, ಅದರಲ್ಲಿ ಒಂದು ಶಿಶೆವ್‌ಸ್ಕಿಯ ಕೊನೆಯ ತವರು ಪಂದ್ಯ. ಆ ಸಂಜೆ ಹಳೆಯ ಆಟಗಾರರೆಲ್ಲ ಬಂದು ಕೂತಿದ್ದರು, ಬೀಳ್ಕೊಡುಗೆಯ ಸಿದ್ಧತೆ ಆಗಿತ್ತು. ನಮ್ಮ ನಾಲ್ವರು ತಲಾ 20 ದಾಟಿದರು: ಅರ್ಮಾಂಡೊ ಬೇಕಾಟ್ 23, ಕೇಲೆಬ್ ಲವ್ 22, ಆರ್‌ಜೆ ಡೇವಿಸ್ 21, ಬ್ರೇಡಿ ಮಾನೆಕ್ 20. 2024ರಲ್ಲಿ ಕಾರ್ಮಾಕ್ ರಯಾನ್ 31 ಹೊಡೆದು ಲೀಗ್ ಪ್ರಶಸ್ತಿಯನ್ನು ಅಲ್ಲೇ ಮುಗಿಸಿಕೊಂಡು ಬಂದ.

ಅಂದರೆ ಭಯ ಪಡಲು ಕಾರಣ ಇದೆ, ಕೈಚೆಲ್ಲಲು ಇಲ್ಲ.

## ಲೆಕ್ಕ ಕೇಳುವವರಿಗೆ

ತವರು ಅಂಗಳದ ಲಾಭ ಅಂತಾರಲ್ಲ, ಅದು ಎಷ್ಟು ಅಂಕ?

ಕಾಲೇಜು ಆಟದಲ್ಲಿ ಸಾಮಾನ್ಯವಾಗಿ ಮೂರು ಅಂಕದ ಆಸುಪಾಸು ಎಂದು ಲೆಕ್ಕ ಹಾಕುತ್ತಾರೆ. ಸಮಬಲದ ಎರಡು ತಂಡ ಇದ್ದರೆ ಡರ್ಹಮ್‌ನಲ್ಲಿ ಡ್ಯೂಕ್ ಮೂರರಿಂದ ಮುಂದೆ, ಚಾಪೆಲ್ ಹಿಲ್‌ನಲ್ಲಿ ನಾವು ಮೂರರಿಂದ ಮುಂದೆ. ಎರಡು ಪಂದ್ಯಗಳ ನಡುವಿನ ವ್ಯತ್ಯಾಸ ಆರು. ಹಾಗಾಗಿ ಮನೆಯಲ್ಲಿ ನಾಲ್ಕು ಅಂಕದಿಂದ ಗೆದ್ದ ತಂಡಕ್ಕೆ ಅಲ್ಲಿ ಹೋದಾಗ ಎರಡು ಅಂಕದ ಹಿನ್ನಡೆ ನಿರೀಕ್ಷಿಸುವುದು ನ್ಯಾಯ. ಇಲ್ಲಿ ಪ್ರಯಾಣದ ದಣಿವು ಮಾತ್ರ ಲೆಕ್ಕಕ್ಕಿಲ್ಲ. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್, ಬರ್ಕ್ಲಿ ಈಗ ಇದೇ ಎಸಿಸಿಯಲ್ಲಿವೆ. ಅಲ್ಲಿಗೆ ಹೋಗುವಾಗ ವಿಮಾನ, ಮೂರು ಗಂಟೆಯ ಸಮಯ ವ್ಯತ್ಯಾಸ. ಡರ್ಹಮ್‌ಗೆ ಬಸ್ಸು ಹತ್ತಿ ಹಾಡು ಮುಗಿಯುವಷ್ಟರಲ್ಲಿ ಬಂದೇ ಬಿಡುತ್ತದೆ.

"ಡ್ಯೂಕ್ ಮೈನಸ್ 7.5" ಅಂತ ಬರ್ತಿದೆ. ಅಂದ್ರೆ ಸೋಲು ಖಚಿತಾನಾ?

ಅದು ಬೆಟ್ಟಿಂಗ್ ಪೇಟೆಯ ಅಂದಾಜು: ಡ್ಯೂಕ್ ಏಳೆಂಟು ಅಂಕದಿಂದ ಗೆಲ್ಲಬಹುದು ಎಂದು. ಒಂದೇ ಪಂದ್ಯದಲ್ಲಿ ಫಲಿತಾಂಶ ಆ ಅಂದಾಜಿನಿಂದ ಹತ್ತು, ಹನ್ನೊಂದು ಅಂಕ ಆಚೀಚೆ ಹೋಗುವುದು ಸಾಮಾನ್ಯ. ಆ ಹರಹನ್ನು ಹಿಡಿದು ಲೆಕ್ಕ ಹಾಕಿದರೆ 7.5ರಷ್ಟು ಮುಂದಿರುವ ತಂಡ ನಾಲ್ಕರಲ್ಲಿ ಮೂರು ಸಲ ಗೆಲ್ಲುತ್ತದೆ. ಮೂರರ ಅಂತರವಾದರೆ ಹತ್ತರಲ್ಲಿ ಆರು. ನಾಲ್ಕರಲ್ಲಿ ಒಂದು ಎಂದರೆ ಎರಡು ನಾಣ್ಯ ಚಿಮ್ಮಿ ಎರಡೂ ರಾಜ ಬೀಳುವಷ್ಟು ಅವಕಾಶ.

ಉತ್ತರ ಕ್ಯಾರೊಲೈನಾದಲ್ಲಿ ಆನ್‌ಲೈನ್ ಕ್ರೀಡಾ ಬೆಟ್ಟಿಂಗ್ 2024ರ ಮಾರ್ಚ್ 11ರಿಂದ ಕಾನೂನುಬದ್ಧ, ವಯಸ್ಸು 21 ತುಂಬಿರಬೇಕು. ಅಂದಾಜು ಓದಲು ಹಣ ಕಟ್ಟಬೇಕಾಗಿಲ್ಲ. ಮಕ್ಕಳಿಗೂ ಅಷ್ಟೇ ಹೇಳಿ.

ಸೋತ್ರೆ ಮಾರ್ಚ್ ಟೂರ್ನಿ ಕೈತಪ್ಪುತ್ತಾ?

ಎಲ್ಲಕ್ಕಿಂತ ಹೆಚ್ಚು ಬರುವ ಚಿಂತೆ ಇದು, ಎಲ್ಲಕ್ಕಿಂತ ಕಡಿಮೆ ಆಧಾರವಿರುವುದೂ ಇದೇ. ಮಾರ್ಚಿನ ರಾಷ್ಟ್ರೀಯ ಟೂರ್ನಿಗೆ ತಂಡ ಆರಿಸುವ ಸಮಿತಿ 2018-19ರಿಂದ "ನೆಟ್" ಎಂಬ ಶ್ರೇಯಾಂಕವನ್ನು ಮುಂದಿಟ್ಟುಕೊಳ್ಳುತ್ತದೆ. ಪಂದ್ಯಗಳನ್ನು ನಾಲ್ಕು ದರ್ಜೆ ಮಾಡುತ್ತಾರೆ. ಮೊದಲ ದರ್ಜೆ ಎಂದರೆ ತವರಿನಲ್ಲಿ 1ರಿಂದ 30ನೇ ಶ್ರೇಯಾಂಕದ ತಂಡದ ಎದುರು, ತಟಸ್ಥ ಅಂಗಳದಲ್ಲಿ 1ರಿಂದ 50, ಎದುರಾಳಿಯ ಮನೆಯಲ್ಲಿ 1ರಿಂದ 75. ಹೊರಗೆ ಗೆಲ್ಲುವುದು ಕಷ್ಟ ಎಂಬುದನ್ನು ಆ ಅಂಕಿಗಳೇ ಒಪ್ಪಿಕೊಂಡಿವೆ.

ಕ್ಯಾಮರನ್‌ನಲ್ಲಿ ಸೋತರೆ ಮೊದಲ ದರ್ಜೆಯ ಸೋಲು, ಯಾರೂ ಹುಬ್ಬೇರಿಸುವುದಿಲ್ಲ. ಗೆದ್ದರೆ ಇಡೀ ಋತುವಿನಲ್ಲಿ ಅದಕ್ಕಿಂತ ದೊಡ್ಡ ಸಾಕ್ಷಿ ಸಿಗುವುದು ಅಪರೂಪ. 2022ರ ತಂಡ ಆ ಗೆಲುವಿಗೆ ಮುಂಚೆ ಒಳಗೋ ಹೊರಗೋ ಎಂಬಂತೆ ಇತ್ತು. ಆಮೇಲೆ ಟೂರ್ನಿಯ ತನ್ನ ವಿಭಾಗದಲ್ಲಿ 8ನೇ ಶ್ರೇಯಾಂಕ ಪಡೆದು ಒಳಹೋಗಿ ಫೈನಲ್ ತನಕ ಬಂದು ಕ್ಯಾನ್ಸಸ್‌ಗೆ 72-69ರಲ್ಲಿ ಸೋತಿತು. 2025ರ ತಂಡ ಮೊದಲ ದರ್ಜೆಯಲ್ಲಿ ಒಂದು ಗೆದ್ದು ಹನ್ನೆರಡು ಸೋತಿತ್ತು. ಆದರೂ ಕೊನೆಯ ಸಾಲಿನಲ್ಲಿ ಜಾಗ ಸಿಕ್ಕಿ, ಡೇಟನ್‌ನ ಆರಂಭಿಕ ಸುತ್ತಿನಲ್ಲಿ ಸ್ಯಾನ್ ಡಿಯೇಗೊ ಸ್ಟೇಟ್ ತಂಡವನ್ನು 95-68ರಿಂದ ಬಡಿಯಿತು. ಅವರನ್ನು ಆರಿಸಿದ್ದಕ್ಕೆ ದೇಶವೆಲ್ಲ ಗೊಣಗಿದ್ದು ಬೇರೆ ಮಾತು, ಆ ಗೊಣಗಾಟ ಪೂರ್ತಿ ಅನ್ಯಾಯವೇನೂ ಆಗಿರಲಿಲ್ಲ.

ಚಿಂತೆ ಮಾಡಲೇಬೇಕು ಎನ್ನುವವರು ಕೆಳದರ್ಜೆಯ ತಂಡದ ಎದುರು ತವರಿನಲ್ಲಿ ಆಡುವ ಪಂದ್ಯಕ್ಕೆ ಇಟ್ಟುಕೊಳ್ಳಿ. ಅಲ್ಲಿ ಸೋತರೆ ಕಲೆ ಹೋಗುವುದಿಲ್ಲ.

## ಆಟ ನೋಡುವಾಗ

ಮೊದಲ ಹತ್ತು ನಿಮಿಷದಲ್ಲಿ ಏನು ನೋಡ್ಬೇಕು? ಸ್ಕೋರ್ ಬಿಟ್ಟು ಹೇಳಿ.

ಅರ್ಧದ ಗಡಿಯಾರ 16, 12, 8, 4 ನಿಮಿಷಕ್ಕಿಂತ ಕೆಳಗಿಳಿದ ಮೇಲೆ ಮೊದಲ ಸಲ ಆಟ ನಿಂತಾಗ ಟೀವಿ ವಿರಾಮ. ಅನುಭವಿಗಳು ಪಂದ್ಯವನ್ನು ಆ ತುಂಡುಗಳಲ್ಲೇ ಓದುತ್ತಾರೆ. ಪ್ರತಿ ತುಂಡಿನಲ್ಲಿ ಎರಡೂ ಕಡೆಗೆ ತಲಾ ಏಳರ ಆಸುಪಾಸು ಅವಕಾಶ.

ಮೊದಲ ವಿರಾಮಕ್ಕೆ ಮುಂಚೆ ನಮ್ಮವರಿಂದ ಎರಡಕ್ಕಿಂತ ಹೆಚ್ಚು ಟರ್ನೋವರ್ (ಶಾಟ್ ಹೊಡೆಯದೆ ಚೆಂಡು ಕಳೆದುಕೊಳ್ಳುವುದು) ಆದರೆ ಕೆಟ್ಟ ಸೂಚನೆ. ಶಾಟ್ ತಪ್ಪಿದರೆ ರಕ್ಷಣೆಗೆ ಹಿಂದೆ ಓಡಲು ಹೊತ್ತು ಸಿಗುತ್ತದೆ. ಚೆಂಡು ಕೈಯಿಂದ ಕಿತ್ತುಕೊಂಡರೆ ಸಿಗುವುದಿಲ್ಲ, ಆ ಕಡೆ ನೇರ ಡಂಕ್, ಮಾಡು ಹಾರುವ ಸದ್ದು. ಕ್ಯಾಮರನ್‌ನಲ್ಲಿ ಎದುರಾಳಿಯನ್ನು ಮುಳುಗಿಸುವ, ಸತತ ಹತ್ತಂಕ ಹೊಡೆಯುವ 10-0 ಓಟಗಳಲ್ಲಿ ಹೆಚ್ಚಿನವು ಹೀಗೇ ಹುಟ್ಟುತ್ತವೆ.

ಎರಡನೆಯದು ನಮ್ಮ ಕೈಗೆ ಸಿಗುವ ದಾಳಿಯ ರೀಬೌಂಡ್. ಶಾಟ್ ಬೀಳದ ದಿನವೂ ತಪ್ಪಿದ ಚೆಂಡು ಮತ್ತೆ ಸಿಕ್ಕರೆ ಪಂದ್ಯ ಕೈಯಲ್ಲಿರುತ್ತದೆ. ಮೂರನೆಯದು ಡ್ಯೂಕ್ ಓಡಿದಾಗ ನಮ್ಮ ಕೋಚ್ ಏನು ಮಾಡುತ್ತಾನೆ ಎಂಬುದು. ಆರೇಳು ಅಂಕ ಸತತ ಹೋದರೆ ಟೈಮ್‌ಔಟ್ ತೆಗೆದುಕೊಳ್ಳುವುದು ಸರಿ. ಟೀವಿ ವಿರಾಮ ಇನ್ನೇನು ಬರುತ್ತದೆ ಎಂದು ಕಾಯುತ್ತ ಹನ್ನೆರಡು ಆಗುವವರೆಗೆ ಬಿಟ್ಟರೆ ಅದು ಉಳಿತಾಯವಲ್ಲ.

ನಮ್ಮ ಎತ್ತರದ ಹುಡುಗ ಐದು ನಿಮಿಷದಲ್ಲೇ ಎರಡು ಫೌಲ್ ಮಾಡಿದ್ರೆ ಕಥೆ ಮುಗೀತಾ?

ಮುಗಿಯದು, ತಿರುಗುತ್ತದೆ. ಹೆಚ್ಚಿನ ಕೋಚ್‌ಗಳು ಎರಡಾದ ಕೂಡಲೇ ಅವನನ್ನು ಅರ್ಧದ ತನಕ ಬೆಂಚಿನಲ್ಲಿ ಕೂರಿಸುತ್ತಾರೆ. ಆದರೆ ಐದನೇ ಫೌಲಿನಿಂದ ಕಳೆದುಕೊಳ್ಳುವ ನಿಮಿಷವೂ ನಿಮಿಷವೇ, ಹೆದರಿ ಕೂರಿಸಿ ಕಳೆದುಕೊಳ್ಳುವುದೂ ನಿಮಿಷವೇ. ಬದಲಿ ಹುಡುಗ ಹದಿನೈದು ನಿಮಿಷ ತಡೆಯಬಲ್ಲನೇ ಎಂಬುದೇ ಪ್ರಶ್ನೆ. ತಡೆಯಲಾರ ಎಂದರೆ ಎರಡು ಫೌಲಿನವನನ್ನು ದಾಳಿಗೆ ಒಳಗೆ, ರಕ್ಷಣೆಗೆ ಹೊರಗೆ ಎಂದು ಆಟ ನಿಂತಾಗಲೆಲ್ಲ ಬದಲಿಸಬಹುದು. ಅರ್ಧದ ಕೊನೆಯ ಎರಡು ನಿಮಿಷದಲ್ಲಿ ಇದು ಹೆಚ್ಚು ಕಾಣುತ್ತದೆ.

ಒಬ್ಬನ ಫೌಲಿಗಿಂತ ತಂಡದ ಫೌಲ್ ಎಣಿಕೆ ನೋಡಿ. ಅರ್ಧದಲ್ಲಿ ಇನ್ನೂ ಎಂಟು, ಹತ್ತು ನಿಮಿಷ ಉಳಿದಿರುವಾಗಲೇ ಏಳು ತುಂಬಿದರೆ ಅಲ್ಲಿಂದ ಮುಂದೆ ಪ್ರತಿ ಸಣ್ಣ ತಳ್ಳಾಟಕ್ಕೂ ಡ್ಯೂಕ್ ಫ್ರೀ ಥ್ರೋ ಗೆರೆಯಲ್ಲಿ.

ರೆಫರಿಗಳು ಡ್ಯೂಕ್ ಕಡೆ ಅಲ್ವಾ? 2023ರಲ್ಲಿ ನಮಗೆ ಮೂರೇ ಫ್ರೀ ಥ್ರೋ ಕೊಟ್ಟಿದ್ದು!

ತವರು ತಂಡಕ್ಕೆ ಸೀಟಿ ಸ್ವಲ್ಪ ಅನುಕೂಲವಾಗಿ ಊದುವುದು ಎಲ್ಲ ಅಂಗಳದಲ್ಲೂ ಇರುವ ಸಂಗತಿ, ನಮ್ಮ ಸ್ಮಿತ್ ಸೆಂಟರೂ ಸೇರಿ. ಆ ದಿನ ಡ್ಯೂಕ್‌ನ ಏಳಡಿ ಎತ್ತರದ ಡೆರೆಕ್ ಲೈವ್ಲಿ ಎಂಟು ಶಾಟ್ ತಡೆದ. ನಾಲ್ಕೈದು ತಡೆ ಕಂಡ ಮೇಲೆ ನಮ್ಮವರು ಒಳಗೆ ನುಗ್ಗುವುದು ಕಡಿಮೆ ಮಾಡಿ ದೂರದಿಂದ ಎಸೆಯತೊಡಗಿದರು. ದೂರದಿಂದ ಎಸೆಯುವವನಿಗೆ ಫೌಲ್ ಆಗುವುದು ಕಡಿಮೆ. ಮೂರು ಎಂಬ ಅಂಕಿ ನೋಡಿದರೆ ಹೊಟ್ಟೆ ಉರಿಯುವುದು ಸಹಜ; ಆದರೆ ಸಿಟ್ಟನ್ನು ಪೂರ್ತಿ ಸೀಟಿಯ ಮೇಲೆ ಹಾಕಿದರೆ ಅರ್ಧ ಕಥೆ ಬಿಟ್ಟುಹೋಗುತ್ತದೆ.

## ಕೊನೆಯ ನಿಮಿಷಗಳು

ಹತ್ತು ಅಂಕ ಮುಂದೆ ಇದ್ರೂ ಹೊಟ್ಟೇಲಿ ಹುಣಸೆಹಣ್ಣು ಹಿಂಡಿದ ಹಾಗಾಗುತ್ತೆ. ಇದಕ್ಕೆ ಅರ್ಥ ಇದೆಯಾ?

ಇದೆ. 2012ರಲ್ಲಿ ನಮ್ಮ ಮನೆಯಲ್ಲೇ, ಕೊನೆಯ ಎರಡೂವರೆ ನಿಮಿಷಕ್ಕೆ ಹತ್ತು ಮುಂದಿದ್ದು, ಡ್ಯೂಕ್‌ನ ಆಸ್ಟಿನ್ ರಿವರ್ಸ್ ಗಂಟೆ ಬಾರಿಸುವ ಹೊತ್ತಿಗೆ ಹೊಡೆದ ಮೂರಂಕದಿಂದ 85-84ರಲ್ಲಿ ಸೋಲು. 2018ರಲ್ಲಿ ಕ್ಯಾಮರನ್‌ನಲ್ಲಿ ಎರಡನೇ ಅರ್ಧದ 13 ಅಂಕದ ಮುನ್ನಡೆ ಕರಗಿ ಹತ್ತರಿಂದ ಸೋಲು. ಇದು ಅವರಿಗೂ ಆಗಿದೆ: 1974ರಲ್ಲಿ ಚಾಪೆಲ್ ಹಿಲ್‌ನಲ್ಲಿ 17 ಸೆಕೆಂಡು ಉಳಿದಾಗ ಡ್ಯೂಕ್ ಎಂಟು ಮುಂದೆ. ಆಗ ಮೂರಂಕದ ಶಾಟೇ ಇರಲಿಲ್ಲ. ನಮ್ಮ ವಾಲ್ಟರ್ ಡೇವಿಸ್ ದೂರದಿಂದ ಹೊಡೆದು ಸಮ ಮಾಡಿದ, ಓವರ್‌ಟೈಮಿನಲ್ಲಿ ನಾವು 96-92ರಿಂದ ಗೆದ್ದೆವು.

ಲೆಕ್ಕ ಹೀಗೆ. ಮೂರು ನಿಮಿಷ ಉಳಿದಾಗ, ಸಾಮಾನ್ಯ ವೇಗದಲ್ಲಿ ತಲಾ ಐದೇ ಅವಕಾಶ. ಹತ್ತು ಅಂಕ ತುಂಬಲು ಅವರು ಪ್ರತಿ ಸಲ ಎರಡು ಹೊಡೆಯಬೇಕು, ನಾವು ಒಂದೂ ಹೊಡೆಯಬಾರದು. ಅಸಾಧ್ಯ ಎನಿಸುತ್ತದೆ. ಹಾಗಾಗಿ ಅವರು ಫೌಲ್ ಮಾಡಿ ಗಡಿಯಾರ ನಿಲ್ಲಿಸುತ್ತಾರೆ, ಐದು ಅವಕಾಶ ಎಂಟೊಂಬತ್ತಾಗುತ್ತದೆ. ಆಗ ಎಲ್ಲವೂ ನಮ್ಮ ಫ್ರೀ ಥ್ರೋ ಮೇಲೆ. ನೂರಕ್ಕೆ 70 ಹಾಕುವವನಿಗೆ ಎರಡು ಎಸೆತ ಸಿಕ್ಕರೆ ಸರಾಸರಿ 1.4 ಅಂಕ. ಒನ್ ಅಂಡ್ ಒನ್ ಆದರೆ 0.7ಕ್ಕೆ 0.49 ಕೂಡಿ 1.19. ನೂರಕ್ಕೆ 60ರವನಾದರೆ 0.96 ಮಾತ್ರ. ಅದಕ್ಕೇ ಎದುರಾಳಿ ಹುಡುಕಿ ಹುಡುಕಿ ದುರ್ಬಲನಿಗೆ ಫೌಲ್ ಮಾಡುತ್ತಾನೆ. ಮುನ್ನಡೆ ಕಾಯುವ ಹೊತ್ತಿನಲ್ಲಿ ಚೆಂಡು ಯಾರ ಕೈಗೆ ಹೋಗುತ್ತಿದೆ ನೋಡಿ. ತಂಡದ ಅತ್ಯುತ್ತಮ ಫ್ರೀ ಥ್ರೋದವನ ಕೈಗೆ ಹೋಗದಿದ್ದರೆ ನಿಮ್ಮ ಹುಣಸೆಹಣ್ಣಿಗೆ ಆಧಾರವಿದೆ. 2020ರ ಫೆಬ್ರವರಿಯಲ್ಲಿ ಓವರ್‌ಟೈಮ್ ತನಕ ಹೋದ ಪಂದ್ಯದಲ್ಲಿ ನಮ್ಮವರು 38 ಫ್ರೀ ಥ್ರೋಗಳಲ್ಲಿ 21 ಹಾಕಿದರು, ಸೋತದ್ದು ಎರಡು ಅಂಕದಿಂದ, 98-96.

ಮೂರಂಕ ಮುಂದೆ, ಐದು ಸೆಕೆಂಡು ಬಾಕಿ. ಬೇಕಂತಲೇ ಫೌಲ್ ಮಾಡೋದು ಸರೀನಾ?

ವಾದ ಇಬ್ಬದಿಯದು. ಫೌಲ್ ಮಾಡಿದರೆ ಮೂರಂಕದ ಶಾಟ್ ತಪ್ಪುತ್ತದೆ, ಅವರಿಗೆ ಎರಡು ಎಸೆತ ಮಾತ್ರ. ಐದು ಸೆಕೆಂಡಿನೊಳಗೆ, ಎದುರಾಳಿ ಬಳೆಯ ಕಡೆ ಮುಖ ಮಾಡುವ ಮೊದಲೇ ಮಾಡಿದರೆ ಇದು ಒಳ್ಳೆಯ ನಡೆ. ಹತ್ತು ಸೆಕೆಂಡು ಇರುವಾಗಲೇ ಮಾಡಿದರೆ ಅವರಿಗೆ ಮತ್ತೊಂದು ಅವಕಾಶ ಕೊಟ್ಟಂತೆ. ಅವನು ಕೈ ಎತ್ತಿದ ಮೇಲೆ ತಾಗಿದರೆ ಮೂರು ಎಸೆತ.

ಫೌಲ್ ಮಾಡಿದ ಮೇಲೂ ಕೆಲಸ ಮುಗಿಯುವುದಿಲ್ಲ ಎಂಬುದಕ್ಕೆ ಅದೇ 2020ರ ಪಂದ್ಯ ಸಾಕ್ಷಿ. ಡ್ಯೂಕ್‌ನ ಟ್ರೇ ಜೋನ್ಸ್ ಮೊದಲನೆಯದನ್ನು ಹಾಕಿ, ಎರಡನೆಯದನ್ನು ಬೇಕೆಂದೇ ರಿಮ್ಮಿಗೆ ಬಲವಾಗಿ ಬಡಿದು, ಚೆಂಡು ಹಿಂದಕ್ಕೆ ಚಿಮ್ಮಿದಾಗ ತಾನೇ ಹಿಡಿದು ಗಂಟೆಯ ಜೊತೆಗೆ ಎರಡಂಕ ಹೊಡೆದು ಸಮ ಮಾಡಿದ. ಅಂಥ ಹೊತ್ತಿನಲ್ಲಿ ಬಳೆಯ ಕೆಳಗಿನವರು ತಮ್ಮವರನ್ನು ತಡೆದರೆ ಸಾಲದು, ಎಸೆದವನನ್ನೂ ಒಬ್ಬ ತಡೆದು ನಿಲ್ಲಬೇಕು. ಮುಂದಿನ ಸಲ ನೋಡುವಾಗ ಆ ಒಬ್ಬ ಯಾರು ಎಂದು ಹುಡುಕಿ.

ಫ್ರೀ ಥ್ರೋ ಬಿತ್ತು, ಆದ್ರೂ ಲೆಕ್ಕಕ್ಕಿಲ್ಲ ಅಂದ್ರು. 2025ರಲ್ಲಿ ಆಗಿದ್ದೇನು?

ಅದು ಕ್ಯಾಮರನ್‌ನಲ್ಲಲ್ಲ, ಷಾರ್ಲೆಟ್‌ನಲ್ಲಿ, ಮಾರ್ಚ್ 14ರ ಎಸಿಸಿ ಸೆಮಿಫೈನಲ್. 24 ಅಂಕ ಹಿಂದಿದ್ದ ನಮ್ಮವರು ಒಂದಂಕಕ್ಕೆ ಬಂದಿದ್ದರು. ಕೊನೆಯ ಸೆಕೆಂಡುಗಳಲ್ಲಿ ಸಮ ಮಾಡುವ ಫ್ರೀ ಥ್ರೋ ಬಿತ್ತು. ಆದರೆ ಚೆಂಡು ಎಸೆದವನ ಕೈ ಬಿಡುವ ಮೊದಲೇ ಸಾಲಿನಲ್ಲಿ ನಿಂತ ನಮ್ಮವನೊಬ್ಬ ಒಳಗೆ ಕಾಲಿಟ್ಟಿದ್ದ. ದಾಳಿಯ ತಂಡದವರು ಹಾಗೆ ಮಾಡಿದರೆ ಬಿದ್ದ ಅಂಕ ರದ್ದು. ರಕ್ಷಣೆಯವರು ಮಾಡಿದರೆ, ಎಸೆತ ತಪ್ಪಿದ್ದರೆ ಮಾತ್ರ ಮತ್ತೊಂದು ಎಸೆತ. ಪಂದ್ಯ 74-71ರಲ್ಲಿ ಡ್ಯೂಕ್ ಪಾಲಾಯಿತು.

## ಪಂದ್ಯ ಮುಗಿದ ಮೇಲೆ

ಗೆದ್ದ್ರೆ ಫ್ರಾಂಕ್ಲಿನ್ ಸ್ಟ್ರೀಟ್‌ಗೆ ಓಡ್ತಾರಂತೆ. ಮಗಳು ಹೋಗ್ತೀನಿ ಅಂತಾಳೆ. ಕಳಿಸ್ಲಾ?

ಪಂದ್ಯ ಡರ್ಹಮ್‌ನಲ್ಲಿದ್ದರೂ ಸಂಭ್ರಮ ಚಾಪೆಲ್ ಹಿಲ್‌ನಲ್ಲಿ: ಫ್ರಾಂಕ್ಲಿನ್ ಮತ್ತು ಕೊಲಂಬಿಯಾ ರಸ್ತೆಗಳು ಕೂಡುವ ಕಡೆ ಸಾವಿರಾರು ಜನ. ಪೊಲೀಸರು ವಾಹನ ತಡೆಯುತ್ತಾರೆ, ಬಸ್ ಮಾರ್ಗ ಬದಲಾಗುತ್ತದೆ. ಹೋಗಲಿ, ನೋಡಬೇಕಾದ ದೃಶ್ಯವೇ. ಕೆಲವು ಮಾತು ಹೇಳಿ ಕಳಿಸಿ: ಮುಚ್ಚಿದ ಗಟ್ಟಿ ಶೂ, ಏಕೆಂದರೆ ನೆಲದಲ್ಲಿ ಒಡೆದ ಗಾಜು ಇರುತ್ತದೆ. ಸುಲಭವಾಗಿ ಉರಿಯುವ ಸಿಂಥೆಟಿಕ್ ಜಾಕೆಟ್ ಬೇಡ, ಹತ್ತಿಯದಿರಲಿ. ಜನಸಂದಣಿಯಲ್ಲಿ ಫೋನ್ ಸಿಗ್ನಲ್ ಕೈಕೊಡಬಹುದು, ಹಾಗಾಗಿ ಗೆಳತಿಯರು ಸೇರುವ ಜಾಗವನ್ನು ಮೊದಲೇ ಗೊತ್ತು ಮಾಡಿಕೊಳ್ಳಲಿ. ಕೂಡುರಸ್ತೆಯಲ್ಲಿ ಅಲ್ಲ, ಒಂದು ಬೀದಿ ಆಚೆ. ಬೆಂಕಿ ಹಾಕುವುದು, ಅದರ ಮೇಲೆ ಹಾರುವುದು, ದೀಪದ ಕಂಬ ಹತ್ತುವುದು ಬೇಡ. ವಿದ್ಯಾರ್ಥಿ ವೀಸಾದಲ್ಲಿ ಇರುವವರಿಗೆ ಒಂದು ಬಂಧನದ ದಾಖಲೆ ಆಮೇಲೆ ಬಹಳ ಕಾಲ ಕಾಡುತ್ತದೆ.

ಮನೇಲಿ ಮಗ ಡ್ಯೂಕ್, ಮಗಳು ಚಾಪೆಲ್ ಹಿಲ್. ನಾವು ಯಾವ ಬಣ್ಣ ಹಾಕ್ಕೊಳ್ಳೋದು?

ಎರಡು ನೀಲಿಗೂ ನಡುವೆ ಒಂದು ಬಣ್ಣ ಇಲ್ಲ, ಹುಡುಕಬೇಡಿ. ಪಂದ್ಯ ಯಾರ ಮನೆಯಲ್ಲೋ ಆ ದಿನ ಎದುರಿನ ಮಗುವಿನ ಕಡೆ ಇರಿ. ವರ್ಷಕ್ಕೆ ಒಂದೊಂದು ಸಲ ಸಮ ಆಗುತ್ತದೆ. ಕ್ಯಾಮರನ್ ಪಂದ್ಯಕ್ಕೆ ತಿಳಿನೀಲಿ.